ಮೇಪಲ್ ಕೆಂಪಾದಾಗ ಗುಲಾಬಿಗೆ ಕತ್ತರಿ ಬೇಡ

ಶರತ್ಕಾಲದಲ್ಲಿ ಬಣ್ಣ ಬದಲಿಸುವ ಮರವು ಪಕ್ಕದ ಗುಲಾಬಿಯನ್ನು ಯಾವಾಗ ಸವರಬೇಕು, ಯಾವಾಗ ಸವರಬಾರದು ಎಂಬುದನ್ನೂ ಹೇಳಿಕೊಡುತ್ತದೆ. ಅಮೆರಿಕದ ಗುಲಾಬಿ ನಗರ ಪೋರ್ಟ್‌ಲ್ಯಾಂಡಿನ ಹಿತ್ತಲುಗಳಿಂದ ಕಲಿಯಬಹುದಾದ ಪಾಠವಿದು.

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕೆ ವಾಷಿಂಗ್ಟನ್ ಪಾರ್ಕ್ ಎಂಬ ಗುಡ್ಡದ ಉದ್ಯಾನವಿದೆ. ಅದರ ಇಳಿಜಾರಿನಲ್ಲಿ ಎರಡು ತೋಟಗಳು ಅಕ್ಕಪಕ್ಕದಲ್ಲಿವೆ. ಕೆಳಗಿನದು ಗುಲಾಬಿ ತೋಟ. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಅಪರೂಪದ ಗುಲಾಬಿ ತಳಿಗಳು ನಾಶವಾದಾವು, ಅವಕ್ಕೊಂದು ಸುರಕ್ಷಿತ ನೆಲೆ ಬೇಕು ಎಂದು 1915ರಲ್ಲಿ ಜೆಸ್ಸಿ ಕರ್ರಿ ಎಂಬ ಸ್ಥಳೀಯ ಪತ್ರಕರ್ತ ನಗರಾಡಳಿತದ ಬೆನ್ನುಬಿದ್ದರು. 1917ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಇಂಗ್ಲೆಂಡಿನ ತಳಿಗಾರರಿಂದ ಗಿಡಗಳು ಬರತೊಡಗಿದವು. ಈಗ ಅಲ್ಲಿ 10,000ಕ್ಕೂ ಹೆಚ್ಚು ಗುಲಾಬಿ ಗಿಡಗಳಿವೆ. ಮೇಲಿನದು ಜಪಾನಿ ತೋಟ. ಟೋಕಿಯೊ ಕೃಷಿ ವಿಶ್ವವಿದ್ಯಾಲಯದ ಪ್ರೊಫೆಸರ್ ತಕುಮಾ ತೋನೊ 1963ರಲ್ಲಿ ಅದರ ವಿನ್ಯಾಸ ಮಾಡಿದರು. 1967ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ಮೇಪಲ್ ಮರಗಳ ಬಣ್ಣ ನೋಡಲು ಅಕ್ಟೋಬರ್ ಕೊನೆಯಲ್ಲಿ ದೂರದೂರದಿಂದ ಜನ ಬರುತ್ತಾರೆ.

ಆ ಹೊತ್ತಿನಲ್ಲಿ ಕೆಳಗಿನ ತೋಟದಲ್ಲಿ ಗುಲಾಬಿ ಇನ್ನೂ ಅರಳುತ್ತಲೇ ಇರುತ್ತದೆ. ಊರಿನ ಮನೆಗಳ ಹಿತ್ತಲಲ್ಲೂ ಇದೇ ನೋಟ: ಬೇಲಿಯ ಹತ್ತಿರ ಕಡೆಯ ಮೊಗ್ಗುಗಳನ್ನು ಹೊತ್ತು ಎದೆಯುದ್ದ ಬೆಳೆದುನಿಂತ ಗುಲಾಬಿ ಗಿಡಗಳು, ಅಂಗಳದ ಮೂಲೆಯಲ್ಲಿ ಕೆಂಪೇರುತ್ತಿರುವ ಮೇಪಲ್. ಗುಲಾಬಿ ಅಡ್ಡಾದಿಡ್ಡಿಯಾಗಿ ಚಾಚಿಕೊಂಡಿದೆ, ಎಲೆಗಳು ಹಳದಿ ಬಿದ್ದಿವೆ. ತೋಟ ಮಾಡುವವರ ಕೈ ತಾನಾಗಿ ಕತ್ತರಿಯತ್ತ ಹೋಗುವುದು ಆಗಲೇ. ಚಳಿಗಾಲ ಬರುವ ಮೊದಲು ಎಲ್ಲವನ್ನೂ ಕತ್ತರಿಸಿ ಅಚ್ಚುಕಟ್ಟು ಮಾಡೋಣ ಎನಿಸುತ್ತದೆ. ಆ ಕೈಯನ್ನು ತಡೆಯಬೇಕು. ಏಕೆ ತಡೆಯಬೇಕೆಂಬ ಉತ್ತರ ಮೂಲೆಯ ಮೇಪಲ್ ಮರದಲ್ಲೇ ಇದೆ.

ಎಲೆಯೊಳಗಿನ ಸುಗ್ಗಿ

ಪೋರ್ಟ್‌ಲ್ಯಾಂಡ್ ಇರುವುದು ಭೂಮಧ್ಯರೇಖೆಯಿಂದ ಸುಮಾರು 45.5 ಡಿಗ್ರಿ ಉತ್ತರಕ್ಕೆ. ಜೂನ್ ಕೊನೆಯಲ್ಲಿ ಅಲ್ಲಿ ಹಗಲು ಹದಿನೈದೂವರೆ ಗಂಟೆಗಿಂತ ಉದ್ದ. ಡಿಸೆಂಬರಿನಲ್ಲಿ ಒಂಬತ್ತು ಗಂಟೆಯೂ ಇಲ್ಲ. ಆಗಸ್ಟ್ ಕಳೆಯುತ್ತಿದ್ದಂತೆ ಹಗಲು ದಿನದಿನಕ್ಕೂ ಕುಗ್ಗುವುದನ್ನು ಮರ ಗ್ರಹಿಸುತ್ತದೆ. ರಾತ್ರಿಯ ಚಳಿ ಅದರ ಜೊತೆ ಸೇರಿದಾಗ ಎಲೆಯ ಕೆಲಸ ನಿಲ್ಲಿಸುವ ತಯಾರಿ ಶುರುವಾಗುತ್ತದೆ.

ಎಲೆಯಲ್ಲಿ ಮರ ಬಹಳಷ್ಟು ಬಂಡವಾಳ ಹೂಡಿರುತ್ತದೆ. ಅದರಲ್ಲಿ ಮುಖ್ಯವಾದುದು ಸಾರಜನಕ. ಬಿಸಿಲನ್ನು ಹಿಡಿಯುವ ಪತ್ರಹರಿತ್ತು ಮತ್ತು ಅದನ್ನು ಸುತ್ತುವರಿದ ಪ್ರೋಟೀನುಗಳಲ್ಲಿ ಅದು ಅಡಗಿದೆ. ಎಲೆಯನ್ನು ಹಾಗೆಯೇ ಉದುರಿಸಿದರೆ ಎಲ್ಲವೂ ನೆಲದ ಪಾಲು. ಆದ್ದರಿಂದ ಮರ ಪತ್ರಹರಿತ್ತನ್ನು ಮುರಿದು, ಪ್ರೋಟೀನುಗಳನ್ನು ಬಿಡಿಸಿ, ಸಾರಜನಕ ಮತ್ತು ರಂಜಕದ ಸುಮಾರು ಅರ್ಧದಷ್ಟನ್ನು ರೆಂಬೆಗೆ, ಕಾಂಡಕ್ಕೆ, ಬೇರಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸುಗ್ಗಿ ಮುಗಿಸಿದ ರೈತ ಮಳೆ ಬರುವ ಮೊದಲು ಕಾಳನ್ನು ಕಣಜಕ್ಕೆ ತುಂಬುವಂತೆ, ಮರವೂ ಹಿಮ ಬೀಳುವ ಮೊದಲು ಎಲೆಯ ಸಂಪತ್ತನ್ನು ಒಳಗೆ ಸಾಗಿಸುತ್ತದೆ. ಸಾಗಣೆ ಮುಗಿಯುವ ಹೊತ್ತಿಗೆ ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಜೀವಕೋಶಗಳ ಪದರ ಸಡಿಲಗೊಂಡಿರುತ್ತದೆ, ಅದರ ಹಿಂದೆ ಗಾಯ ಮುಚ್ಚುವ ಪದರ ಸಿದ್ಧವಾಗಿರುತ್ತದೆ. ಆಮೇಲೆ ಸಣ್ಣ ಗಾಳಿ ಬಂದರೂ ಸಾಕು, ಎಲೆ ಕಳಚುತ್ತದೆ.

ಹಸಿರು ಕರಗಿದಂತೆ ಹಳದಿ ಕಾಣುತ್ತದೆ. ಅದು ಹೊಸದಾಗಿ ಬಂದದ್ದಲ್ಲ. ಕೆರೊಟಿನಾಯ್ಡ್ ಎಂಬ ಹಳದಿ ವರ್ಣಕಗಳು ಬೇಸಿಗೆಯುದ್ದಕ್ಕೂ ಎಲೆಯಲ್ಲಿದ್ದವು. ಹಸಿರಿನ ಅಬ್ಬರದಲ್ಲಿ ಕಾಣುತ್ತಿರಲಿಲ್ಲ. ಆರೆಗನ್ನಿನ ಕಾಡುಗಳ ದೊಡ್ಡೆಲೆಯ ಮೇಪಲ್ ಹೀಗೆ ಹಳದಿಯಾಗುವ ಮರ. ಅದರ ಒಂದೊಂದು ಎಲೆ 30 ಸೆಂಟಿಮೀಟರ್ ಅಗಲಕ್ಕೂ ಬೆಳೆಯುತ್ತದೆ. ಮೇಪಲ್ ಕುಲದಲ್ಲೇ ಅತಿ ದೊಡ್ಡ ಎಲೆ ಅದರದ್ದು.

ಕೆಂಪಿನ ಕಥೆ ಬೇರೆ. ಜಪಾನಿ ಮೇಪಲ್ ಎಲೆಯಲ್ಲಿ ಬೇಸಿಗೆಯಲ್ಲಿ ಇಲ್ಲದ ಕೆಂಪು ಶರತ್ಕಾಲದಲ್ಲಿ ಹೊಸದಾಗಿ ತಯಾರಾಗುತ್ತದೆ. ಇದರ ಹೆಸರು ಆಂಥೊಸಯನಿನ್. ಇನ್ನೇನು ಉದುರುವ ಎಲೆಯಲ್ಲಿ ಮರ ಸಕ್ಕರೆ ಖರ್ಚು ಮಾಡಿ ಬಣ್ಣ ಏಕೆ ತಯಾರಿಸುತ್ತದೆ ಎಂಬುದು ವಿಜ್ಞಾನಿಗಳನ್ನು ಬಹಳ ಕಾಲ ಕಾಡಿದ ಪ್ರಶ್ನೆ. ವಿಲಿಯಂ ಹ್ಯಾಮಿಲ್ಟನ್ ಮತ್ತು ಸ್ಯಾಮ್ಯುಯೆಲ್ ಬ್ರೌನ್ 2001ರಲ್ಲಿ ಒಂದು ವಾದ ಮುಂದಿಟ್ಟರು: ಮೊಟ್ಟೆಯಿಡಲು ಜಾಗ ಹುಡುಕುವ ಗಿಡಹೇನುಗಳಿಗೆ ಗಾಢ ಬಣ್ಣವೊಂದು ಎಚ್ಚರಿಕೆ, ತಾನು ಗಟ್ಟಿಮುಟ್ಟಾಗಿದ್ದೇನೆಂದು ಮರ ಸಾರುವ ಬಗೆ. ಡೇವಿಡ್ ಲೀ, ಕೆವಿನ್ ಗೌಲ್ಡ್ ಮೊದಲಾದವರು ಒಲಿದದ್ದು ಇನ್ನೊಂದು ವಿವರಣೆಗೆ. ಪತ್ರಹರಿತ್ತು ಕಳಚುತ್ತಿರುವಾಗ ಬಿಸಿಲು ಬಿದ್ದರೆ ಎಲೆಯೊಳಗಿನ ಯಂತ್ರ ಸುಟ್ಟುಹೋಗುತ್ತದೆ, ಸಾಗಣೆ ಅರ್ಧಕ್ಕೆ ನಿಲ್ಲುತ್ತದೆ. ಕೆಂಪು ವರ್ಣಕ ಆ ಬಿಸಿಲನ್ನು ತಡೆದು, ಕೊನೆಯ ಕಾಳು ಒಳಸೇರುವ ತನಕ ಎಲೆಯನ್ನು ಕಾಯುತ್ತದೆ ಎನ್ನುತ್ತಾರೆ ಅವರು. ಮೇಪಲ್‌ನ ಹೊರಮೈಯಲ್ಲಿ ಬಿಸಿಲಿಗೆ ಒಡ್ಡಿಕೊಂಡ ಎಲೆಗಳು ಕಡುಗೆಂಪಾಗಿ, ಒಳಗಿನ ನೆರಳಿನ ಎಲೆಗಳು ಹಳದಿಯಾಗಿಯೇ ಉಳಿಯುವುದನ್ನು ನೋಡಿದರೆ ಈ ಮಾತಿಗೆ ಬಲ ಬರುತ್ತದೆ.

ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಅತ್ಯಂತ ತೀವ್ರವಾಗಿರುತ್ತದೆ. ಬಿಸಿಲಿನಲ್ಲಿ ತಯಾರಾದ ಸಕ್ಕರೆ ಚಳಿಯಿಂದಾಗಿ ಎಲೆಯಲ್ಲೇ ಉಳಿದು ಬಣ್ಣಕ್ಕೆ ಒದಗುತ್ತದೆ. ಮೋಡ ಮುಸುಕಿದ ಬೆಚ್ಚನೆಯ ಶರತ್ಕಾಲ ಬಂದರೆ ಬಣ್ಣ ಮಂಕು. ಗಡಗಡ ನಡುಗಿಸುವ ಹಿಮ ಬೇಗ ಬಿದ್ದರೆ ಎಲೆ ಬಣ್ಣಕ್ಕೆ ತಿರುಗುವ ಮೊದಲೇ ಕಂದಾಗಿ ಸಾಯುತ್ತದೆ.

ಹೂವಿನ ಕೆಂಪು, ಎಲೆಯ ಕೆಂಪು

ಈ ಕೆಂಪು ಗುಲಾಬಿಗೂ ನೆಂಟ. ಜರ್ಮನಿಯ ರಸಾಯನ ವಿಜ್ಞಾನಿ ರಿಚರ್ಡ್ ವಿಲ್‌ಸ್ಟೆಟರ್ 1913ರಲ್ಲಿ ನೀಲಿ ಕಾರ್ನ್‌ಫ್ಲವರ್ ಹೂವಿನಿಂದ ಸಯನಿನ್ ಎಂಬ ವರ್ಣಕವನ್ನು ಬೇರ್ಪಡಿಸಿದರು. ಕೆಂಪು ಗುಲಾಬಿಯ ದಳಗಳಲ್ಲೂ ಅದೇ ವಸ್ತು ಸಿಕ್ಕಿತು. ಪತ್ರಹರಿತ್ತು ಮತ್ತಿತರ ಸಸ್ಯವರ್ಣಕಗಳ ಸಂಶೋಧನೆಗಾಗಿ 1915ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಜಪಾನಿ ಮೇಪಲ್ ಎಲೆಯ ಕೆಂಪಿಗೂ ಗುಲಾಬಿ ದಳದ ಕೆಂಪಿಗೂ ಮೂಲ ಅಣು ಒಂದೇ, ಸಯನಿಡಿನ್. ಅದಕ್ಕೆ ಅಂಟಿಕೊಂಡ ಸಕ್ಕರೆಯ ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸ.

ನಮ್ಮ ಕಡೆ ಈ ಬಣ್ಣ ಹೆಚ್ಚಾಗಿ ಕಾಣುವುದು ಎಲೆ ಹುಟ್ಟುವಾಗ. ಮಾವಿನ ತಾಮ್ರವರ್ಣದ ಚಿಗುರು, ನಾಗಸಂಪಿಗೆಯ ಕೆಂಪು ಚಿಗುರು ಆಂಥೊಸಯನಿನ್‌ನದೇ ಕೆಲಸ. ಪತ್ರಹರಿತ್ತು ಇನ್ನೂ ಕೂಡಿಬರದ ಎಳೆ ಎಲೆಯನ್ನು ಬಿಸಿಲಿನಿಂದ ಕಾಯುವ ಹೊಣೆಯನ್ನು ಅದು ಹೊರುತ್ತದೆಂದು ತಿಳಿದವರು ಹೇಳುತ್ತಾರೆ. ಗುಲಾಬಿ ಗಿಡದ ಹೊಸ ಚಿಗುರು ಕೆಂಪಗಿರುವುದೂ ಹಾಗೆಯೇ. ಎಲೆ ಉದುರುವ ಮೊದಲಿನ ಕೆಂಪನ್ನು ಬೆಂಗಳೂರಿನಲ್ಲಿ ನೋಡಬೇಕೆಂದರೆ ಬೀದಿಬದಿಯ ಬಾದಾಮಿ ಮರದ ಬುಡದಲ್ಲಿ ನಿಲ್ಲಬೇಕು.

ನಿದ್ದೆ ಮರೆತ ಗಿಡ

ಮೇಪಲ್ ಬಣ್ಣವನ್ನು ಎಲ್ಲರಿಗೂ ಕಾಣುವಂತೆ ತೋರಿಸುತ್ತದೆ. ಗುಲಾಬಿ ಹಾಗಲ್ಲ. ಅದರೊಳಗೂ ಇದೇ ಸಾಗಣೆ ನಡೆದಿರುತ್ತದೆ. ಬೇಸಿಗೆಯ ಎಲೆಗಳು ಮಾಡಿಟ್ಟ ಪಿಷ್ಟ ಕಡ್ಡಿಗಳಲ್ಲೂ ಬೇರುಗಳಲ್ಲೂ ಶೇಖರವಾಗುತ್ತಿರುತ್ತದೆ. ಆದರೆ ಹೊರಗೆ ಅದು ಮೊಗ್ಗು ಬಿಡುತ್ತಲೇ ಇರುವುದರಿಂದ ಒಳಗಿನ ಸಿದ್ಧತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಕಾರಣ ಅದರ ವಂಶದಲ್ಲಿದೆ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದಿಂದ ಬಂದ ಗುಲಾಬಿಗಳು ನಿರಂತರವಾಗಿ ಹೂ ಬಿಡುವ ಗುಣವನ್ನು ತಂದವು. ಹೂ ಬಿಡುವುದನ್ನು ತಡೆಹಿಡಿಯುವ ಒಂದು ಜೀನ್ ಈ ಚೀನೀ ಗುಲಾಬಿಗಳಲ್ಲಿ ಕೆಟ್ಟಿದೆ ಎಂಬುದನ್ನು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ರಕ್ತ ಬೆರೆತ 'ಲಾ ಫ್ರಾನ್ಸ್' ಎಂಬ 1867ರ ತಳಿಯನ್ನು ಮೊದಲ ಹೈಬ್ರಿಡ್ ಟೀ ಗುಲಾಬಿ ಎನ್ನುತ್ತಾರೆ. ಪೋರ್ಟ್‌ಲ್ಯಾಂಡಿಗೆ ಗುಲಾಬಿ ನಗರವೆಂಬ ಹೆಸರು ತಂದ ತಳಿಯೂ ಹೈಬ್ರಿಡ್ ಟೀ. ಫ್ರಾನ್ಸಿನ ಜೋಸೆಫ್ ಪೆರ್ನೆ-ಡುಶೆ 1890ರಲ್ಲಿ ಬಿಡುಗಡೆ ಮಾಡಿದ 'ಮದಾಂ ಕ್ಯಾರೊಲಿನ್ ಟೆಸ್ಟೌಟ್' ಅದು. 1905ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಊರಿನ ಬೀದಿಗಳ ಅಂಚಿನಲ್ಲಿ ಮೈಲುಗಟ್ಟಲೆ ಈ ನಸುಗೆಂಪು ಗುಲಾಬಿಯನ್ನು ನೆಟ್ಟಿದ್ದರು.

ಇಂಥ ಗಿಡ ತಾನಾಗಿ ಮಲಗುವುದು ಕಷ್ಟ. ಚಳಿಯೇ ಅದನ್ನು ಮಲಗಿಸಬೇಕು. ಅಕ್ಟೋಬರಿನಲ್ಲಿ ಅದನ್ನು ಮೊಣಕಾಲೆತ್ತರಕ್ಕೆ ಸವರಿಬಿಟ್ಟರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ಮೊದಲನೆಯದು, ಕಡ್ಡಿಗಳಲ್ಲಿ ಕೂಡಿಟ್ಟ ಆಹಾರ ಕತ್ತರಿಸಿದ ಕಡ್ಡಿಗಳ ಜೊತೆಯೇ ಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಕಡ್ಡಿಯ ತುದಿಯಲ್ಲಿರುವ ಮೊಗ್ಗು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳಿಸುತ್ತಾ ಕೆಳಗೆ ಚಿಗುರಲು ಕಾದಿರುವ ಕಣ್ಣುಗಳನ್ನು ಅದುಮಿಟ್ಟಿರುತ್ತದೆ. ತುದಿ ಹೋದ ಕೂಡಲೇ ಆ ಕಣ್ಣುಗಳು ಎಚ್ಚರಗೊಳ್ಳುತ್ತವೆ. ನಾಲ್ಕು ದಿನ ಹವೆ ಬೆಚ್ಚಗಿದ್ದರೆ ಕೆಂಪು ಚಿಗುರು ಹೊರಡುತ್ತದೆ. ನವೆಂಬರಿನ ಮೊದಲ ಹಿಮಕ್ಕೆ ಆ ಎಳೆಯ ಚಿಗುರು ಕರಿಕಾಗುತ್ತದೆ. ಫೆಬ್ರವರಿಯಲ್ಲಿ ಬೇಕಾಗಿದ್ದ ಕಣ್ಣುಗಳು ಆಗಲೇ ವ್ಯರ್ಥವಾಗಿರುತ್ತವೆ.

ಆದ್ದರಿಂದ ಅನುಭವಿಗಳು ಶರತ್ಕಾಲದಲ್ಲಿ ಗಿಡ ಮಲಗಲು ಸಹಕರಿಸುತ್ತಾರೆ, ಅಷ್ಟೇ. ಬೇಸಿಗೆಯ ಕೊನೆಗೆ ಸಾರಜನಕ ಗೊಬ್ಬರ ನಿಲ್ಲಿಸುತ್ತಾರೆ. ಬಾಡಿದ ಹೂವನ್ನು ಕತ್ತರಿಸುವುದನ್ನೂ ನಿಲ್ಲಿಸಿ ಕಾಯಿ ಕಟ್ಟಲು ಬಿಡುತ್ತಾರೆ. ಕಾಯಿ ಮಾಗತೊಡಗಿದರೆ ಗಿಡ ಹೊಸ ಹೂವಿಗೆ ಅವಸರಪಡುವುದಿಲ್ಲ. ನವೆಂಬರಿನಲ್ಲಿ, ಮೇಪಲ್ ಎಲೆಯೆಲ್ಲ ಉದುರಿದ ಮೇಲೆ, ಅತಿ ಎತ್ತರದ ಕಡ್ಡಿಗಳನ್ನು ಮಾತ್ರ ಸೊಂಟದೆತ್ತರಕ್ಕೆ ಇಳಿಸುತ್ತಾರೆ. ಚಳಿಗಾಲದ ಬಿರುಗಾಳಿಗೆ ಉದ್ದದ ಕಡ್ಡಿ ತೂಗಾಡಿದರೆ ಬುಡ ಸಡಿಲಾಗಿ ಸುತ್ತ ಗುಂಡಿ ಬೀಳುತ್ತದೆ, ಅದರಲ್ಲಿ ಮಳೆನೀರು ನಿಂತು ಹೆಪ್ಪುಗಟ್ಟುತ್ತದೆ. ಆ ಅಪಾಯ ತಪ್ಪಿಸಲು ಇಷ್ಟು ಸವರಿದರೆ ಸಾಕು.

ಇದೇ ವಾರಗಳಲ್ಲಿ ಉದುರಿದ ಎಲೆಗಳನ್ನು ಬೇರೆಬೇರೆಯಾಗಿ ನೋಡುವುದೂ ಮುಖ್ಯ. ಗುಲಾಬಿ ಎಲೆಯಲ್ಲಿ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಚಳಿಗಾಲ ಕಳೆದು, ವಸಂತದ ಮಳೆಹನಿಯೊಂದಿಗೆ ಹೊಸ ಎಲೆಗೆ ಚಿಮ್ಮುತ್ತದೆ. ಅಕ್ಟೋಬರಿನಿಂದ ಮೇ ತನಕ ಮಳೆ ಸುರಿಯುವ ಪೋರ್ಟ್‌ಲ್ಯಾಂಡಿನಲ್ಲಿ ಇದು ಗುಲಾಬಿಯ ದೊಡ್ಡ ಶತ್ರು. ಗುಲಾಬಿ ಎಲೆಯನ್ನು ಗುಡಿಸಿ ತೋಟದಿಂದಾಚೆ ಸಾಗಿಸಬೇಕು. ಆರೋಗ್ಯವಂತ ಮೇಪಲ್ ಎಲೆಯನ್ನು ಚೂರು ಮಾಡಿ ಗುಲಾಬಿ ಬುಡಕ್ಕೆ ಹೊದಿಸಬಹುದು. ಅದು ಬುಡಕ್ಕೆ ಬೆಚ್ಚನೆಯ ಹೊದಿಕೆ, ಮುಂದೆ ಮಣ್ಣಿಗೆ ಗೊಬ್ಬರ.

ಫೆಬ್ರವರಿಯ ಕತ್ತರಿ

ನಿಜವಾದ ಸವರುವಿಕೆಗೆ ಪೋರ್ಟ್‌ಲ್ಯಾಂಡಿನವರು ಹಿಡಿದಿರುವ ಗುರುತು ಅಧ್ಯಕ್ಷರ ದಿನ, ಅಂದರೆ ಫೆಬ್ರವರಿಯ ಮೂರನೆಯ ಸೋಮವಾರ. ಕಡುಚಳಿಯ ಭಯ ಬಹುಮಟ್ಟಿಗೆ ಕಳೆದಿರುತ್ತದೆ, ಕಣ್ಣುಗಳು ಉಬ್ಬಿ ಕೆಂಪಾಗತೊಡಗಿರುತ್ತವೆ. ಹಿಮ ಇನ್ನೂ ಉಳಿದಿರುವ ತಂಪು ಸೀಮೆಗಳಲ್ಲಿ ಹಳದಿ ಹೂವಿನ ಫೋರ್ಸಿತಿಯಾ ಪೊದೆ ಅರಳುವುದನ್ನು ಕಾಯುತ್ತಾರೆ. ಎರಡರ ಹಿಂದಿನ ತಿಳಿವಳಿಕೆ ಒಂದೇ: ಗಿಡ ಏಳಲು ಹೊರಟಾಗ ಕತ್ತರಿಸಬೇಕು.

ಕೆಲಸದ ಕ್ರಮ ಹೀಗಿದೆ. ಮೊದಲು ಸತ್ತ, ರೋಗ ಹಿಡಿದ, ಮುರಿದ ಕಡ್ಡಿಗಳನ್ನು ಬುಡದಿಂದ ತೆಗೆಯಬೇಕು. ಕತ್ತರಿಸಿದ ಕಡೆ ಒಳಗಿನ ತಿರುಳು ಬಿಳಿಯಾಗಿದ್ದರೆ ಕಡ್ಡಿ ಜೀವಂತ. ಕಂದಾಗಿದ್ದರೆ ಇನ್ನೂ ಕೆಳಗೆ ಇಳಿಯಬೇಕು. ಒಂದಕ್ಕೊಂದು ಉಜ್ಜುವ ಕಡ್ಡಿಗಳಲ್ಲಿ ಬಲಹೀನವಾದುದನ್ನು ತೆಗೆದು ಗಿಡದ ನಡುವನ್ನು ಗಾಳಿಗೆ ತೆರೆಯಬೇಕು. ಗಾಳಿಯಾಡಿದರೆ ಎಲೆ ಬೇಗ ಒಣಗುತ್ತದೆ, ಕಪ್ಪು ಚುಕ್ಕೆಗೆ ಅವಕಾಶ ಕಡಿಮೆ. ಕಸಿಗಂಟಿನ ಕೆಳಗಿನಿಂದ ಎದ್ದ ಚಿಗುರು ಬೇರುಗಿಡದ್ದು. ಅದನ್ನು ಬಿಟ್ಟರೆ ಕಸಿಯ ತಳಿಯನ್ನೇ ನುಂಗುತ್ತದೆ. ಕತ್ತರಿಸುವುದಕ್ಕಿಂತ ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯುವುದು ಮೇಲು.

ಹೈಬ್ರಿಡ್ ಟೀ ಆದರೆ ನಾಲ್ಕರಿಂದ ಆರು ಗಟ್ಟಿ ಕಡ್ಡಿಗಳನ್ನು ಉಳಿಸಿ 30ರಿಂದ 60 ಸೆಂಟಿಮೀಟರಿಗೆ ಇಳಿಸಬೇಕು. ಗೊಂಚಲು ಹೂವಿನ ಫ್ಲೋರಿಬಂಡಾವನ್ನು ಸ್ವಲ್ಪ ಎತ್ತರ ಬಿಡಬೇಕು, ಪೊದೆ ಗುಲಾಬಿಯನ್ನು ಮೂರನೆಯ ಒಂದು ಭಾಗದಷ್ಟು ಸವರಿದರೆ ಸಾಕು. ಹೊರಮುಖವಾಗಿರುವ ಕಣ್ಣಿನ ಮೇಲೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಬಿಟ್ಟು ಕತ್ತರಿಸಿದರೆ ಹೊಸ ಕಡ್ಡಿ ಹೊರಕ್ಕೆ ಬೆಳೆದು ಗಿಡ ಬಟ್ಟಲಿನಾಕಾರ ಪಡೆಯುತ್ತದೆ. ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ ಹಳೆಯ ತಳಿಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ಹಿಂದಿನ ವರ್ಷದ ಕಡ್ಡಿಯ ಮೇಲೆ ಹೂ ಬಿಡುತ್ತವೆ. ಫೆಬ್ರವರಿಯಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಸವರಿದಂತೆ. ಅವನ್ನು ಹೂ ಮುಗಿದ ಮೇಲೆ ಮುಟ್ಟಬೇಕು.

ಕಣ್ಣಿನ ಮೇಲೆ ಎಷ್ಟು ಓರೆಯಾಗಿ ಕತ್ತರಿಸಬೇಕು ಎಂದು ತಲೆಕೆಡಿಸಿಕೊಳ್ಳುವವರಿಗೆ ಒಂದು ಸಮಾಧಾನವಿದೆ. ಬ್ರಿಟನ್ನಿನ ಗುಲಾಬಿ ಸಂಘ ಸೇಂಟ್ ಆಲ್ಬನ್ಸ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ ಬೇಲಿ ಕತ್ತರಿಸುವ ಯಂತ್ರದಿಂದ ಒರಟಾಗಿ ಸವರಿದ ಗಿಡಗಳೂ ಜತನದಿಂದ ಸವರಿದವುಗಳಷ್ಟೇ ಹೂ ಬಿಟ್ಟವು. ಕೈಚಳಕದ ಕೊರತೆಯನ್ನು ಗುಲಾಬಿ ಕ್ಷಮಿಸುತ್ತದೆ. ಹೊತ್ತು ತಪ್ಪಿದ ಕತ್ತರಿಗೆ ಅದು ಹೂವಿನ ರೂಪದಲ್ಲಿ ಬೆಲೆ ತೆರುತ್ತದೆ.

ಮೇಪಲ್‌ಗೆ ಜಾಗ, ನೋಡುವವರಿಗೆ ದಿಕ್ಕು

ಇವೆರಡನ್ನೂ ಒಂದೇ ಅಂಗಳದಲ್ಲಿ ಬೆಳೆಸುವವರು ಬಿಸಿಲಿನ ಲೆಕ್ಕ ಮೊದಲು ಹಾಕಬೇಕು. ಗುಲಾಬಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಜಪಾನಿ ಮೇಪಲ್‌ಗೆ ಬೆಳಗಿನ ಬಿಸಿಲು ಹಿತ. ಬೇಸಿಗೆಯ ಮಧ್ಯಾಹ್ನದ ಝಳಕ್ಕೆ ಎಲೆಯಂಚು ಸುಟ್ಟುಹೋದರೆ ಶರತ್ಕಾಲದಲ್ಲಿ ಬಣ್ಣ ಹತ್ತಲು ಎಲೆಯೇ ಉಳಿದಿರುವುದಿಲ್ಲ. ಮೇಪಲ್ ಬೇರು ಮೇಲ್ಮಣ್ಣಿನಲ್ಲೇ ದಟ್ಟವಾಗಿ ಹರಡುವುದರಿಂದ ಗುಲಾಬಿಯನ್ನು ಅದರ ಹತ್ತಿರ ನೆಡಬಾರದು. ಮರದ ದಕ್ಷಿಣಕ್ಕೆ, ನೆರಳು ಬೀಳದಷ್ಟು ದೂರದಲ್ಲಿ ಗುಲಾಬಿ ಇದ್ದರೆ ಇಬ್ಬರಿಗೂ ಕ್ಷೇಮ.

ತಳಿಗಳಿಗೇನೂ ಬರವಿಲ್ಲ. ಆರೆಗನ್ನಿನ ರೋಸ್‌ಬರ್ಗಿನಲ್ಲಿ ಮೇಪಲ್ ನರ್ಸರಿ ನಡೆಸುತ್ತಿದ್ದ ಜೆ.ಡಿ. ವರ್ಟ್ರೀಸ್ 1978ರಲ್ಲಿ ಜಪಾನಿ ಮೇಪಲ್ ಬಗ್ಗೆ ಬರೆದ ಪುಸ್ತಕ ಇಂದಿಗೂ ಈ ಗಿಡದ ಆಸಕ್ತರ ಕೈಪಿಡಿ. 'ಒಸಾಕಾಜುಕಿ' ತಳಿ ಕಡುಗೆಂಪಿಗೆ ಹೆಸರುವಾಸಿ, ಅರೆನೆರಳಿನಲ್ಲೂ ಬಣ್ಣ ಬಿಟ್ಟುಕೊಡುವುದಿಲ್ಲ. 'ಸಾಂಗೊ-ಕಾಕು' ಶರತ್ಕಾಲದಲ್ಲಿ ಹೊನ್ನಿನ ಬಣ್ಣ ತಾಳಿ, ಎಲೆ ಉದುರಿದ ಮೇಲೆ ಹವಳಗೆಂಪು ರೆಂಬೆಗಳಿಂದ ಚಳಿಗಾಲವಿಡೀ ಕಣ್ಸೆಳೆಯುತ್ತದೆ.

ನೆಡುವಾಗಲೇ ನೋಡುವವರು ಎಲ್ಲಿ ಕೂರುತ್ತಾರೆ ಎಂದು ಯೋಚಿಸಬೇಕು. ಅಕ್ಟೋಬರ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡಿನ ನಡುಹಗಲಿನ ಸೂರ್ಯ ದಕ್ಷಿಣ ದಿಗಂತದಿಂದ ಮೂವತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತಾನೆ. ಮರ ಮನೆಯ ದಕ್ಷಿಣಕ್ಕಿದ್ದರೆ ಈ ಇಳಿಬಿಸಿಲು ಎಲೆಗಳನ್ನು ಹಾಯ್ದು ಕಿಟಕಿಯತ್ತ ಬರುತ್ತದೆ. ಎಲೆಯ ಮೇಲೆ ಬಿದ್ದು ಮರಳಿದ ಬೆಳಕಿಗಿಂತ ಎಲೆಯನ್ನು ಹಾಯ್ದು ಬಂದ ಬೆಳಕಿನಲ್ಲಿ ಕೆಂಪಿನ ನಿಜರೂಪ ಕಾಣುತ್ತದೆ.

ಮೇಪಲ್ ಮರವನ್ನೂ ಸವರಬೇಕಾಗುತ್ತದೆ, ಆದರೆ ಅದರ ಹೊತ್ತೂ ಅಕ್ಟೋಬರ್ ಅಲ್ಲ. ವಸಂತದ ಮೊದಲಲ್ಲಿ ಕತ್ತರಿಸಿದರೆ ರಸ ಸುರಿಯುತ್ತದೆ. ಅಲ್ಲಿನ ಒದ್ದೆ ಚಳಿಗಾಲದಲ್ಲಿ ಗಾಯದ ಮೂಲಕ ಬ್ಯಾಕ್ಟೀರಿಯಾ ಹೊಕ್ಕು ರೆಂಬೆ ಒಣಗಿಸುತ್ತದೆ. ಮಳೆಯಿಲ್ಲದ ಜುಲೈ-ಆಗಸ್ಟ್ ಸವರಲು ಒಳ್ಳೆಯ ಕಾಲ. ಒಂದು ವರ್ಷದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ತುದಿ ಮೊಟಕುಗೊಳಿಸಲೇಬಾರದು.

ಅದೇ ಅಕ್ಟೋಬರ್, ಬೇರೆ ನಿಯಮ

ಪೋರ್ಟ್‌ಲ್ಯಾಂಡಿನ ಪಕ್ಕದ ಹಿಲ್ಸ್‌ಬರೊ, ಬೀವರ್‌ಟನ್‌ಗಳಲ್ಲಿ ಕಂಪ್ಯೂಟರ್ ಚಿಪ್ ಕಂಪನಿಗಳನ್ನು ನಂಬಿ ನೆಲೆಸಿದ ಕನ್ನಡಿಗರಿದ್ದಾರೆ. ಬೆಂಗಳೂರಿನಲ್ಲಿ ಅಮ್ಮನೋ ಅಜ್ಜನೋ ದಸರೆಯ ಆಸುಪಾಸಿನಲ್ಲಿ ಗುಲಾಬಿ ಸವರುತ್ತಿದ್ದುದನ್ನು ನೋಡಿ ಬೆಳೆದವರಿಗೆ ಅಕ್ಟೋಬರ್ ಎಂದರೆ ಕತ್ತರಿಯ ತಿಂಗಳು. ಅದು ತಪ್ಪು ಪಾಠವೇನಲ್ಲ. ಆ ನೆಲಕ್ಕೆ ಅದೇ ಸರಿ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ; ಗುಲಾಬಿಯನ್ನು ಮಲಗಿಸುವ ಚಳಿ ಅಲ್ಲಿಲ್ಲ. ಮಳೆಗಾಲದಲ್ಲಿ ಸೊಕ್ಕಿ ಬೆಳೆದು ರೋಗ ಹತ್ತಿದ ಗಿಡವನ್ನು ಮಳೆ ಹಿಂದೆಗೆಯುವಾಗ ಸವರಿದರೆ, ಮುಂದೆ ಬರುವ ಒಣ ಹವೆ, ತಂಪು ರಾತ್ರಿ, ಎಳೆಬಿಸಿಲಿನಲ್ಲಿ ಆರೇಳು ವಾರದೊಳಗೆ ಗಿಡ ತುಂಬ ಹೂ. ಅಲ್ಲಿ ಅಕ್ಟೋಬರ್ ಗಿಡ ಏಳುವ ಕಾಲ, ಪೋರ್ಟ್‌ಲ್ಯಾಂಡಿನಲ್ಲಿ ಮಲಗುವ ಕಾಲ.

ತಿಂಗಳ ಹೆಸರನ್ನು ನಂಬಿ ಕತ್ತರಿ ಹಿಡಿದವರು ಊರು ಬದಲಾದಾಗ ಸೋಲುತ್ತಾರೆ. ಗಿಡ ಈಗ ಬೆಳೆಯಲು ಹೊರಟಿದೆಯೋ, ಬೆಳೆದದ್ದನ್ನು ಕೂಡಿಡುತ್ತಿದೆಯೋ ಎಂದು ಕೇಳಿಕೊಂಡವರು ಎಲ್ಲಿಗೆ ಹೋದರೂ ಗೆಲ್ಲುತ್ತಾರೆ. ಈ ಪ್ರಶ್ನೆಗೆ ಗುಲಾಬಿ ಸ್ಪಷ್ಟವಾಗಿ ಉತ್ತರ ಕೊಡುವುದಿಲ್ಲ, ಏಕೆಂದರೆ ಅದು ಕೊನೆಯ ತನಕ ಹೂ ಬಿಡುವ ಗಿಡ. ಮೇಪಲ್ ಕೊಡುತ್ತದೆ. ಚಳಿಯ ಸೀಮೆಯಲ್ಲಿ ತೋಟ ಮಾಡುವ ಯಾರೇ ಆಗಲಿ, ಗುಲಾಬಿಗೆ ಕಾಣುವಂತೆ ಒಂದು ಮೇಪಲ್ ನೆಡಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅದು ಕೆಂಪೇರಿದ ವಾರಗಳನ್ನು ಕತ್ತರಿ ಕೆಳಗಿಟ್ಟು ನೋಡುತ್ತಾ ಕಳೆಯಬೇಕು. ಆ ಸುಮ್ಮನಿರುವಿಕೆಯೂ ತೋಟಗಾರಿಕೆಯೇ. ಫೆಬ್ರವರಿಯಲ್ಲಿ ಸವರಿದ ಕಡ್ಡಿಗಳು ಜೂನಿನಲ್ಲಿ ಕೊಡುವ ಹೂವಿನ ಒಂದು ಪಾಲು ಆ ವಾರಗಳಲ್ಲಿ ಉಳಿಸಿದ್ದರಿಂದಲೇ ಬರುತ್ತದೆ.